ಉಗುರಿನ ಮೇಲಿನ ಗೆರೆ

ನಮ್ಮ ದೇಹದ ಅಂಗಗಳಲ್ಲಿ ಉಗುರಿನಷ್ಟು ಉಪೇಕ್ಷೆಗೆ ಈಡಾದುದು ಬೇರೊಂದಿಲ್ಲ. ಅಲ್ಪವಾದುದನ್ನು ಹೇಳಬೇಕಾದಾಗ ನಮ್ಮ ಮಾತು ಉಗುರನ್ನೇ ನೆನೆಯುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎನ್ನುತ್ತೇವೆ. ಹೆಚ್ಚು ಕಾಯದ ನೀರನ್ನು ಉಗುರುಬೆಚ್ಚಗಿದೆ ಎನ್ನುತ್ತೇವೆ. ಕತ್ತರಿಸಿದ ಉಗುರು ಮನೆಯೊಳಗೆ ಬೀಳಬಾರದು, ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು ಎಂದು ಹಿರಿಯರು ಗದರಿದ್ದನ್ನು ಕೇಳದವರು ವಿರಳ. ದೇಹದಲ್ಲಿ ಇರುವಾಗ ಲೆಕ್ಕಕ್ಕಿಲ್ಲ, ದೇಹವನ್ನು ಬಿಟ್ಟರೆ ಅಶುಭ. ಇದು ಉಗುರಿನ ಪಾಡು.

ಇಂಥ ಉಗುರಿಗೂ ಒಂದು ದಿನ ರಾಜಮರ್ಯಾದೆ ಸಲ್ಲುತ್ತದೆ. ಅದು ಮತದಾನದ ದಿನ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರ, ಕೃಷ್ಣರಾಜನಗರದ ಗದ್ದೆಗಳಲ್ಲಿ ನಾಟಿ ಮಾಡುವ ಹೆಂಗಸು, ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯ ಜೇನುಕುರುಬ, ಮೂವರೂ ಅಂದು ಒಂದೇ ಬಗೆಯಾಗಿ ಎಡಗೈಯನ್ನು ಮುಂದೆ ನೀಡುತ್ತಾರೆ. ತೋರುಬೆರಳಿನ ಉಗುರಿನ ಮೇಲೆ ಒಂದು ಗೆರೆ ಬೀಳುತ್ತದೆ. ಆ ಗೆರೆಯ ಶಾಯಿ ದೂರದಿಂದ ಬಂದುದಲ್ಲ. ಈ ತಾಲ್ಲೂಕುಗಳ ಜನ ಸಂತೆಗೂ ದಸರೆಗೂ ಹೋಗಿಬರುವ ಮೈಸೂರಿನಲ್ಲಿಯೇ, ಬನ್ನಿಮಂಟಪದ ಒಂದು ಕಾರ್ಖಾನೆಯಲ್ಲಿ ತಯಾರಾದುದು. ಶ್ರೋತೃಗಳೇ, ಈ ಹೊತ್ತಿನ ನನ್ನ ಮಾತು ಆ ಶಾಯಿಯ ಚರಿತ್ರೆಯನ್ನೂ ಅದನ್ನು ಹೊರುವ ಉಗುರಿನ ಸ್ವಭಾವವನ್ನೂ ಕುರಿತದ್ದು. ಇವೆರಡನ್ನೂ ಕೂಡಿಸಿ ನೋಡಿದಲ್ಲದೆ ಆ ಗೆರೆಯ ಅರ್ಥ ಪೂರ್ತಿಯಾಗಿ ತಿಳಿಯುವುದಿಲ್ಲ.

ಮೊದಲು ಉಗುರಿನ ರಚನೆಯನ್ನು ನೋಡೋಣ. ನಾವು ಉಗುರು ಎಂದು ಕರೆಯುವ ಗಟ್ಟಿಯಾದ ತಟ್ಟೆ ನಿರ್ಜೀವವಾದ ವಸ್ತು. ದನದ ಕೊಂಬು, ಕುದುರೆಯ ಗೊರಸು, ನಮ್ಮ ತಲೆಗೂದಲು ಇವುಗಳಲ್ಲಿರುವ ಕೆರಾಟಿನ್ ಎಂಬ ಪದಾರ್ಥವೇ ಉಗುರಿನಲ್ಲಿಯೂ ಇದೆ. ಉಗುರಿನ ಜೀವ ಇರುವುದು ನಮ್ಮ ಕಣ್ಣಿಗೆ ಬೀಳದ ಕಡೆಯಲ್ಲಿ. ಬೆರಳಿನ ಹಿಂಭಾಗದಲ್ಲಿ, ಚರ್ಮದ ಮಡಿಕೆಯ ಅಡಿಯಲ್ಲಿ, ಮಾತೃಕೆ ಎಂಬ ಭಾಗ ಅಡಗಿದೆ. ಅಲ್ಲಿ ಜೀವಕೋಶಗಳು ಒಂದರ ಹಿಂದೊಂದು ಹುಟ್ಟುತ್ತವೆ, ಕೆರಾಟಿನ್‌ನಿಂದ ತುಂಬಿಕೊಳ್ಳುತ್ತವೆ, ಚಪ್ಪಟೆಯಾಗುತ್ತವೆ, ಸಾಯುತ್ತವೆ. ಹಿಂದೆ ಹುಟ್ಟಿದ ಕೋಶಗಳು ಮುಂದಿನವನ್ನು ತಳ್ಳುತ್ತ ಹೋಗುತ್ತವೆ. ಹೀಗೆ ಸತ್ತ ಕೋಶಗಳು ಒತ್ತಾಗಿ ಬೆಸೆದುಕೊಂಡು ಹೊರಬರುವುದೇ ಉಗುರು. ಹೆಬ್ಬೆರಳಿನ ಬುಡದಲ್ಲಿ ಸ್ಪಷ್ಟವಾಗಿ ತೋರುವ ಬಿಳಿಯ ಅರ್ಧಚಂದ್ರ ಈ ಮಾತೃಕೆಯ ಹೊರ ಅಂಚು. ಅದರ ಮುಂದಿನ ನಸುಗೆಂಪು ಬಣ್ಣ ಉಗುರಿನದಲ್ಲ. ಅದು ಕೆಳಗಿನ ಹಾಸಿನಲ್ಲಿ ಹರಿಯುವ ರಕ್ತದ ಬಣ್ಣ. ಉಗುರನ್ನು ಕತ್ತರಿಸಿದರೆ ನೋವಾಗುವುದಿಲ್ಲ, ಉಗುರು ಕಿತ್ತುಬಂದರೆ ಪ್ರಾಣ ಹೋದಂತಾಗುತ್ತದೆ. ತಟ್ಟೆಯಲ್ಲಿ ನರಗಳಿಲ್ಲ, ಹಾಸಿನಲ್ಲಿ ಹೇರಳವಾಗಿವೆ.

ತಟ್ಟೆಯೂ ಚರ್ಮವೂ ಸೇರುವೆಡೆಯಲ್ಲಿ ಒಂದು ತೆಳುಪೊರೆ ಬಾಗಿಲು ಕಾಯುವಂತೆ ಅಂಟಿಕೊಂಡಿರುತ್ತದೆ. ನಾಟಿಯ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೈಕಾಲು ಕೆಸರುನೀರಿನಲ್ಲಿ ನೆನೆದಾಗ ಈ ಪೊರೆ ಸಡಿಲವಾಗುತ್ತದೆ, ಕೊಳೆ ಒಳಹೊಗುತ್ತದೆ, ಬೆರಳು ಬಾತು ಮಿಡಿಯತೊಡಗುತ್ತದೆ. ಇದೇ ಉಗುರುಸುತ್ತು. ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ತೊಡಿಸುವ ಮನೆಮದ್ದನ್ನು ಭತ್ತದ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಉಗುರು ಬೆಳೆಯುವ ವೇಗವೂ ಲೆಕ್ಕಕ್ಕೆ ಸಿಕ್ಕಿದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲಿನ ಉಗುರು ಅದರ ಅರ್ಧದಷ್ಟು ಅಥವಾ ಅದಕ್ಕೂ ಕಡಮೆ ಬೆಳೆಯುತ್ತದೆ. ಕೈಯುಗುರು ಬುಡದಿಂದ ತುದಿಯವರೆಗೆ ಪೂರ್ತಿಯಾಗಿ ಹೊಸದಾಗಲು ನಾಲ್ಕರಿಂದ ಆರು ತಿಂಗಳು ಬೇಕು. ಕಾಲಿನ ಹೆಬ್ಬೆರಳಿಗೆ ಒಂದು ವರ್ಷದಿಂದ ಒಂದೂವರೆ ವರ್ಷ. ಸತ್ತ ಮೇಲೂ ಉಗುರು ಬೆಳೆಯುತ್ತದೆ ಎಂಬುದು ಮಾತ್ರ ಭ್ರಮೆ. ನೀರಾರಿ ಚರ್ಮ ಹಿಂದಕ್ಕೆ ಸರಿಯುವುದರಿಂದ ಉಗುರು ಮುಂದೆ ಚಾಚಿದಂತೆ ತೋರುತ್ತದೆ, ಅಷ್ಟೆ.

ಈ ಲೆಕ್ಕಕ್ಕಾಗಿ ತನ್ನ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡವರು ಅಮೆರಿಕದ ವೈದ್ಯ ವಿಲಿಯಂ ಬೀನ್. 1941ರಲ್ಲಿ, ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ, ಅವರು ಎಡಗೈ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಒಂದು ಗೀರು ಕೊರೆದರು. ಅದು ತುದಿ ಮುಟ್ಟಲು ಎಷ್ಟು ದಿನ ಹಿಡಿಯಿತೆಂದು ಬರೆದಿಟ್ಟರು. ಹೀಗೆ ಮತ್ತೆ ಮತ್ತೆ ಗೀರೆಳೆದು ಮೂವತ್ತೈದು ವರ್ಷ ಲೆಕ್ಕವಿಟ್ಟು 1980ರಲ್ಲಿ ಪ್ರಕಟಿಸಿದರು. ಮೂವತ್ತೆರಡರಲ್ಲಿ ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿದ್ದ ಉಗುರು ಅರವತ್ತೇಳರಲ್ಲಿ 0.095ಕ್ಕೆ ಇಳಿದಿತ್ತು. ಉಗುರಿಗೂ ಮುಪ್ಪು ಬರುತ್ತದೆ ಎಂದಾಯಿತು. ಅದಕ್ಕೂ ಬಹಳ ಹಿಂದೆ, 1846ರಲ್ಲಿ, ಫ್ರಾನ್ಸಿನ ವೈದ್ಯ ಬೋ ಎಂಬುವರು ಕಂಡುಕೊಂಡ ಸಂಗತಿ ಇನ್ನೊಂದು. ಕಡುಜ್ವರ ಬಂದು ಹೋದವರ ಉಗುರುಗಳಲ್ಲಿ ಅಡ್ಡವಾಗಿ ಒಂದು ತಗ್ಗುಗೆರೆ ಮೂಡುತ್ತದೆ. ಜ್ವರದ ದಿನಗಳಲ್ಲಿ ಮಾತೃಕೆ ಕೆಲಸ ನಿಲ್ಲಿಸಿದ್ದರ ಗುರುತು ಅದು. ಗೆರೆ ಬುಡದಿಂದ ಎಷ್ಟು ದೂರ ಸರಿದಿದೆಯೆಂದು ನೋಡಿ ಕಾಯಿಲೆ ಬಂದು ಎಷ್ಟು ತಿಂಗಳಾಯಿತೆಂದು ವೈದ್ಯನು ಹೇಳಬಲ್ಲ. ಅಂದರೆ ಉಗುರು ಒಂದು ದಿನಚರಿ. ಆದರೆ ಅದರಲ್ಲಿ ಆರು ತಿಂಗಳಿಗಿಂತ ಹಳೆಯ ಪುಟ ಉಳಿಯುವುದಿಲ್ಲ. ಈ ಮಾತನ್ನು ತಾವು ನೆನಪಿಟ್ಟುಕೊಳ್ಳಬೇಕು.

ಇನ್ನು ಚರಿತ್ರೆಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾದುದು 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ. ಮೊದಲ ಸಭೆಗೆ ಬಂದವರು 144 ಮಂದಿ. ಮುಂದೆ ಚುನಾವಣೆಯ ಪದ್ಧತಿ ಬಂದಾಗಲೂ ಮತದ ಹಕ್ಕು ಕಂದಾಯ ಕಟ್ಟುವವರು, ಆಸ್ತಿಯುಳ್ಳವರು, ಓದಿದವರು ಇಂಥವರಿಗೆ ಮೀಸಲಾಗಿತ್ತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಅವರು 1941ರಲ್ಲಿ, ಬೀನ್ ತಮ್ಮ ಉಗುರಿಗೆ ಮೊದಲ ಗೀರೆಳೆದ ವರ್ಷದಲ್ಲೇ, ಆ ಸಭೆಯನ್ನು ಪ್ರವೇಶಿಸಿದರು. ಮತದಾರರು ಕೆಲವೇ ಮಂದಿಯಾದಾಗ ಗುರುತಿನ ತೊಡಕು ಹೆಚ್ಚಿಲ್ಲ. ಪಟೇಲರಿಗೂ ಶಾನುಭೋಗರಿಗೂ ಅವರೆಲ್ಲ ಮುಖಪರಿಚಯದವರೇ.

ಸಂವಿಧಾನ ಜಾರಿಗೆ ಬಂದ ಮೇಲೆ ಈ ಸ್ಥಿತಿ ಬುಡಸಹಿತ ಬದಲಾಯಿತು. 1951-52ರ ಮೊದಲ ಮಹಾಚುನಾವಣೆಯಲ್ಲಿ ಇಪ್ಪತ್ತೊಂದು ತುಂಬಿದ ಪ್ರತಿಯೊಬ್ಬರಿಗೂ ಮತ ಬಂದಿತು. ದೇಶದ ಮತದಾರರ ಸಂಖ್ಯೆ ಸುಮಾರು 17 ಕೋಟಿಯಾಯಿತು. ಅವರಲ್ಲಿ ಬಹುಮಂದಿಗೆ ಅಕ್ಷರ ಬಾರದು. ಭಾವಚಿತ್ರದ ಗುರುತಿನ ಚೀಟಿ ಬಂದುದು 1993ರಿಂದ ಈಚೆಗೆ. ಆಗ ಅದರ ಕಲ್ಪನೆಯೂ ಇರಲಿಲ್ಲ. ಗಂಡನ ಹೆಸರಿನಿಂದಲ್ಲದೆ ತನ್ನ ಹೆಸರು ಹೇಳಲೊಲ್ಲದ ಹೆಂಗಸರು ದೇಶದಲ್ಲಿ ಲಕ್ಷಗಟ್ಟಲೆ ಇದ್ದರು. ಒಬ್ಬನೇ ಎರಡು ಸಲ ಬಂದರೆ, ಸತ್ತವನ ಹೆಸರಿನಲ್ಲಿ ಬದುಕಿದವನು ಬಂದರೆ, ತಡೆಯುವುದು ಹೇಗೆ? 1951ರ ಪ್ರಜಾಪ್ರತಿನಿಧಿತ್ವ ಕಾನೂನಿನ 61ನೆಯ ವಿಧಿ ಇದಕ್ಕೆ ದಾರಿ ಹೇಳಿತು: ಮತ ಕೊಡುವವನ ಬೆರಳಿಗೆ ಅಳಿಸಲಾಗದ ಶಾಯಿಯ ಗುರುತು. ಕಾಗದ ಓದಲಾರದ ದೇಶದಲ್ಲಿ ಸರಕಾರ ದೇಹದ ಮೇಲೆಯೇ ಒಂದು ರಸೀತಿ ಬರೆಯಿತು. ಆ ಮೊದಲ ಚುನಾವಣೆಯಲ್ಲಿಯೇ ಬೆರಳಿಗೆ ಶಾಯಿ ಹಚ್ಚಿದರು. 1952ರಲ್ಲಿ ಹುಣಸೂರಿನಿಂದ ಅರಸು ಅವರು ವಿಧಾನಸಭೆಗೆ ಗೆದ್ದುಬಂದುದೂ ಆ ಚುನಾವಣೆಯಲ್ಲಿಯೇ.

ಮೈಸೂರಿನ ಕಾರ್ಖಾನೆ ಈ ಕಥೆಯೊಳಕ್ಕೆ ಬರುವುದು ಹತ್ತು ವರ್ಷಗಳ ಅನಂತರ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಸ್ಥಾಪಿಸಿದ ಈ ಉದ್ಯಮದ ಅಂದಿನ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಹೆಸರೇ ಹೇಳುವಂತೆ ಕಾಡಿನ ಅರಗು ಅದರ ಮೂಲದ್ರವ್ಯ. ಸ್ವಾತಂತ್ರ್ಯಾನಂತರ ಅದು ಸರಕಾರದ ಕಂಪನಿಯಾಯಿತು. 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಹೆಸರು ಬದಲಾಯಿತು. ಮತಪೆಟ್ಟಿಗೆಗಳಿಗೆ ಮುದ್ರೆ ಒತ್ತುವ ಅರಗನ್ನೂ ಇಲ್ಲಿ ತಯಾರಿಸುತ್ತಿದ್ದರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಸಿದ್ಧಪಡಿಸಿದ ಶಾಯಿಯ ಸೂತ್ರವನ್ನು 1962ರಲ್ಲಿ ಚುನಾವಣಾ ಆಯೋಗದ ಒಪ್ಪಿಗೆಯಿಂದ ಈ ಕಾರ್ಖಾನೆಗೆ ಒಪ್ಪಿಸಲಾಯಿತು. ಆ ವರ್ಷದ ಮೂರನೆಯ ಮಹಾಚುನಾವಣೆಯಿಂದ ಮೊದಲುಗೊಂಡು ಲೋಕಸಭೆ, ವಿಧಾನಸಭೆಗಳ ಚುನಾವಣೆಗೆ ಮೈಸೂರಿನ ಶಾಯಿಯೇ ಹೋಗುತ್ತಿದೆ. ಸೂತ್ರ ಇಂದಿಗೂ ಗುಟ್ಟು. 2024ರ ಲೋಕಸಭಾ ಚುನಾವಣೆಗೆ 26 ಲಕ್ಷಕ್ಕೂ ಹೆಚ್ಚು ಸೀಸೆಗಳು ಇಲ್ಲಿಂದ ಹೋದವು. 10 ಮಿಲಿಲೀಟರಿನ ಒಂದು ಸೀಸೆ ಸುಮಾರು 700 ಬೆರಳಿಗೆ ಸಾಕು. ಇಪ್ಪತ್ತೈದಕ್ಕೂ ಹೆಚ್ಚು ಪರದೇಶಗಳ ಮತದಾರರ ಬೆರಳಿಗೂ ಈ ಶಾಯಿ ಹತ್ತಿದೆ.

ಸೂತ್ರ ಗುಟ್ಟಾದರೂ ಅದರ ಮುಖ್ಯ ಶಕ್ತಿ ಯಾವುದೆಂಬುದು ಗುಟ್ಟಲ್ಲ. ಅದು ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣ. ಚರ್ಮಕ್ಕೆ ತಗುಲಿದೊಡನೆ ಅದು ಬೆವರಿನ ಉಪ್ಪಿನೊಡನೆ ಕೂಡಿ ನೀರಿನಲ್ಲಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಂತೆ ಅದು ಕಪ್ಪಾಗುತ್ತದೆ. ಹಳೆಯ ಕಾಲದ ಛಾಯಾಚಿತ್ರ ಮೂಡುತ್ತಿದ್ದುದೂ ಬೆಳ್ಳಿಯ ಲವಣಗಳ ಇದೇ ಗುಣದಿಂದ. ಸಾಬೂನು, ಎಣ್ಣೆ, ಸೀಗೆಪುಡಿ ಯಾವುದಕ್ಕೂ ಅದು ಜಗ್ಗುವುದಿಲ್ಲ. ಬಣ್ಣ ಬೆರಳ ಮೇಲೆ ಕೂತಿರುವುದಿಲ್ಲ, ಬೆರಳಿನಲ್ಲಿ ಬೆರೆತಿರುತ್ತದೆ. ಇದರಿಂದಲೇ ಹಚ್ಚುವ ಮೊದಲು ಬೆರಳಿನ ಎಣ್ಣೆಜಿಡ್ಡನ್ನು ಒರೆಸಬೇಕೆಂದು ಮತಗಟ್ಟೆಯ ಅಧಿಕಾರಿಗಳಿಗೆ ಸೂಚನೆ ಇದೆ. ಹಸಿ ಹೊಗೆಸೊಪ್ಪು ಮುರಿದವರ ಕೈಗೆ ಹತ್ತುವ ಕಪ್ಪು ಅಂಟನ್ನು ಬಲ್ಲ ಹುಣಸೂರು ಸೀಮೆಯಲ್ಲಿ ಈ ಸೂಚನೆಯ ಬೆಲೆ ಬೇಗ ತಿಳಿಯುತ್ತದೆ.

ಇಲ್ಲಿಯೇ ಉಗುರಿನ ಮಹತ್ತ್ವ ಬರುವುದು. ಚರ್ಮದ ಮೇಲುಪದರ ದಿನದಿನವೂ ಉದುರುತ್ತಿರುತ್ತದೆ. ಅದರ ಮೇಲಿನ ಕಲೆ ಎರಡು ಮೂರು ವಾರಗಳಲ್ಲಿ ಮಾಸುತ್ತದೆ. ಉಗುರು ಹಾಗೆ ಉದುರುವುದಿಲ್ಲ, ಮುಂದಕ್ಕೆ ಸರಿಯುತ್ತದೆ. ಅದರ ಮೇಲಿನ ಕಲೆಯೂ ಅದರೊಡನೆ ಸರಿದು, ಕೊನೆಗೆ ಕತ್ತರಿಗೆ ಸಿಕ್ಕಿ ಹೋಗಬೇಕು. ಮೊದಲು ಉಗುರೂ ಚರ್ಮವೂ ಕೂಡುವೆಡೆಯಲ್ಲಿ ಶಾಯಿ ಹಚ್ಚುತ್ತಿದ್ದರು. 2006ರಿಂದ ಉಗುರಿನ ತುದಿಯಿಂದ ಬೆರಳಿನ ಮೊದಲ ಗೆಣ್ಣಿನವರೆಗೆ ಗೆರೆ ಎಳೆಯುವ ಕ್ರಮ ಬಂದಿತು. ಆದರೆ ಶಾಯಿ ಎಷ್ಟೇ ಬಲವಾಗಿದ್ದರೂ ಮಡಿಕೆಯ ಅಡಿಯ ಮಾತೃಕೆಯನ್ನು ಮುಟ್ಟುವುದಿಲ್ಲ. ಅಲ್ಲಿಂದ ಹೊರಬರುವ ಹೊಸ ಉಗುರು ನಿಷ್ಕಳಂಕವಾಗಿಯೇ ಬರುತ್ತದೆ.

ಇದನ್ನು ಹುಣಸೂರಿನ ಮತದಾರರು ತಮ್ಮ ಬೆರಳಿನಲ್ಲಿಯೇ ಕಂಡಿದ್ದಾರೆ. 2019ರ ಏಪ್ರಿಲ್ 18ರಂದು ಲೋಕಸಭೆಗೆ ಮತ ಹಾಕಿದವರು ಅದೇ ವರ್ಷದ ಡಿಸೆಂಬರ್ 5ರಂದು ವಿಧಾನಸಭೆಯ ಉಪಚುನಾವಣೆಗೆ ಮತ್ತೆ ಬೆರಳು ನೀಡಬೇಕಾಯಿತು. ನಡುವೆ ಇದ್ದುದು 231 ದಿನ. ದಿನಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವೆಂದು ಹಿಡಿದರೂ ಉಗುರು 23 ಮಿಲಿಮೀಟರಿನಷ್ಟು ಬೆಳೆದಿತ್ತು. ತೋರುಬೆರಳಿನ ಉಗುರಿನ ಉದ್ದಕ್ಕಿಂತ ಇದು ಹೆಚ್ಚು. ಏಪ್ರಿಲಿನ ಗುರುತು ಯಾವ ಬೆರಳಿನಲ್ಲಿಯೂ ಉಳಿದಿರುವಂತಿರಲಿಲ್ಲ. ಈ ನಾಲ್ಕು ತಾಲ್ಲೂಕುಗಳು ಲೋಕಸಭೆಗೆ ಮೈಸೂರು, ಮಂಡ್ಯ, ಚಾಮರಾಜನಗರ ಎಂಬ ಮೂರು ಕ್ಷೇತ್ರಗಳಲ್ಲಿ ಹಂಚಿಹೋಗಿದ್ದರೂ ಮತದಾನದ ದಿನಗಳು ಒಂದೇ ಆಗಿದ್ದವು: ವಿಧಾನಸಭೆಗೆ 2023ರ ಮೇ 10, ಲೋಕಸಭೆಗೆ 2024ರ ಏಪ್ರಿಲ್ 26. ಇವುಗಳ ನಡುವೆ 352 ದಿನ. ಕೈಯುಗುರು ಅಷ್ಟರಲ್ಲಿ ಎರಡು ಸಲ ಹೊಸದಾಗುತ್ತದೆ. ಒಂದು ವೇಳೆ ಶಾಯಿಯನ್ನು ಕಾಲಿನ ಹೆಬ್ಬೆರಳಿಗೆ ಹಚ್ಚುವ ಕ್ರಮವಿದ್ದಿದ್ದರೆ ಹಿಂದಿನ ಮತ ಇನ್ನೂ ಅಲ್ಲಿಯೇ ಕಾಣುತ್ತಿತ್ತು. ಅಧಿಕಾರಿಗೂ ಮತದಾರನಿಗೂ ಜಗಳ ತಪ್ಪುತ್ತಿರಲಿಲ್ಲ. ಅಜ್ಜಿಯ ಉಗುರಿನಲ್ಲಿ ಗೆರೆ ಮೊಮ್ಮಗನ ಉಗುರಿಗಿಂತ ಕೆಲವು ವಾರ ಹೆಚ್ಚು ನಿಲ್ಲುತ್ತದೆ ಎಂಬುದಕ್ಕೆ ಬೀನ್ ಅವರ ಲೆಕ್ಕವೇ ಸಾಕ್ಷಿ.

ಈಗ ತೋರುಬೆರಳಿನ ಪಕ್ಕದ ಹೆಬ್ಬೆರಳನ್ನು ನೋಡಿ. ಅದರದು ಬೇರೆಯ ಚರಿತ್ರೆ. 1858ರಲ್ಲಿ ಬಂಗಾಳದ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿ ರಸ್ತೆಗೆ ಜಲ್ಲಿ ಒದಗಿಸುವ ಗುತ್ತಿಗೆದಾರನೊಬ್ಬನಿಂದ ಕರಾರುಪತ್ರದ ಮೇಲೆ ಅಂಗೈಯ ಮಸಿಮುದ್ರೆ ಪಡೆದನು. ಮುಂದೆ ಮಾತು ತಪ್ಪದಿರಲಿ ಎಂಬ ಬೆದರಿಕೆಯೇ ಅದರ ಉದ್ದೇಶ. ಅಲ್ಲಿಂದ ಬೆಳೆದ ಬೆರಳಚ್ಚಿನ ವಿದ್ಯೆಗೆ 1897ರಲ್ಲಿ ಕಲ್ಕತ್ತೆಯಲ್ಲಿ ಒಂದು ಸರಕಾರಿ ಕಛೇರಿಯೇ ತೆರೆಯಿತು. ನಮ್ಮ ಹಳ್ಳಿಗಳಲ್ಲಿ ಹೆಬ್ಬೆಟ್ಟು ಎಂದರೆ ಸಾಲಪತ್ರ, ಕ್ರಯಪತ್ರ, ಜೀತ. ಓದಲಾರದ ಕಾಗದದ ಮೇಲೆ ಒತ್ತಿದ ಹೆಬ್ಬೆಟ್ಟಿನಿಂದ ಹೊಲ ಹೋದ, ಮಗ ಒಡೆಯನ ಕೊಟ್ಟಿಗೆ ಸೇರಿದ ಕಥೆಗಳು ಹಳೆಯ ಮೈಸೂರಿನ ಯಾವ ಮೂಲೆಯಲ್ಲಿಯೂ ಅಪರೂಪವಲ್ಲ. 1976ರ ಜೀತವಿಮುಕ್ತಿಯ ಕೇಂದ್ರ ಕಾನೂನೂ ಅದೇ ವರ್ಷದ ಕರ್ನಾಟಕದ ಋಣಪರಿಹಾರ ಕಾನೂನೂ ಆ ಹೆಬ್ಬೆಟ್ಟಿನ ಕಟ್ಟನ್ನು ಬಿಚ್ಚಲೆಂದೇ ಬಂದವು. ಆಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಹುಣಸೂರಿನ ಅರಸು ಅವರೇ.

ಬೆರಳಿನ ಅಡಿಯ ಸುಳಿ ಹುಟ್ಟಿನಿಂದ ಸಾವಿನವರೆಗೆ ಬದಲಾಗುವುದಿಲ್ಲ. ಅದು ಇವನು ಯಾರು ಎಂದು ಹೇಳುತ್ತದೆ, ಎಂದೆಂದಿಗೂ ಹೇಳುತ್ತದೆ. ಬೆರಳಿನ ಮೇಲಿನ ಉಗುರು ಆರು ತಿಂಗಳಿಗೆ ಹೊಸದಾಗುತ್ತದೆ. ಅದರ ಮೇಲಿನ ಗೆರೆ ಇವನು ಯಾರೆಂದು ಹೇಳುವುದಿಲ್ಲ, ಯಾರಿಗೆ ಮತ ಕೊಟ್ಟನೆಂದೂ ಹೇಳುವುದಿಲ್ಲ. ಇವನ ಸರದಿ ಆಯಿತು ಎಂಬಷ್ಟನ್ನೇ ಹೇಳಿ, ಆ ಮಾತಿನ ಅಗತ್ಯ ತೀರಿದ ಮೇಲೆ ತಾನಾಗಿ ಮರೆಯುತ್ತದೆ. ಸಾಲಗಾರನ ಕಾಗದಕ್ಕೆ ಮರೆವಿಲ್ಲ. ಮತದ ಗುರುತಿಗೆ ಮರೆವು ಇರಲೇಬೇಕು. ಸಹಿ ಬಾರದವನು ಮತಗಟ್ಟೆಯಲ್ಲಿ ಪುಸ್ತಕಕ್ಕೆ ಹೆಬ್ಬೆಟ್ಟನ್ನು ಒತ್ತುವುದುಂಟು. ಆದರೆ ಪಕ್ಕದ ಬೆರಳಿನ ಗೆರೆ ಓದಿದವನಿಗೂ ಓದದವನಿಗೂ ಒಂದೇ.

ಇದೇ ಶಾಯಿ ಬೇರೆ ಸಂದರ್ಭಗಳಲ್ಲಿ ಬಂದಾಗ ಅದರ ಅರ್ಥ ಬೇರೆಯಾದುದನ್ನೂ ನಾವು ಕಂಡಿದ್ದೇವೆ. 2016ರ ನವೆಂಬರಿನಲ್ಲಿ ಹಳೆಯ ನೋಟುಗಳನ್ನು ಬದಲಾಯಿಸಲು ಬ್ಯಾಂಕಿನ ಮುಂದೆ ನಿಂತವರ ಬಲಗೈ ಬೆರಳಿಗೆ ಅದನ್ನು ಹಚ್ಚಿದರು. 2020ರ ಮಾರ್ಚಿಯಲ್ಲಿ ಕೊರೋನಾ ಕಾಲದ ಗೃಹಬಂಧನಕ್ಕೆ ಒಳಗಾದವರ ಕೈಯ ಮೇಲೆ ಅದರ ಮುದ್ರೆ ಬಿತ್ತು. ಚರ್ಮದ ಮೇಲಿನ ಕಲೆ ಎರಡು ವಾರಕ್ಕೆ ಮಾಸುವ ಗುಣ ಆ ಹದಿನಾಲ್ಕು ದಿನಗಳ ಅವಧಿಗೆ ಹೊಂದಿಕೆಯಾಯಿತು. ಎರಡು ಸಲವೂ ಜನ ಆ ಕೈಯನ್ನು ಮರೆಮಾಡಲು ನೋಡಿದರೇ ಹೊರತು ಯಾರೂ ಹೆಮ್ಮೆಯಿಂದ ಎತ್ತಿ ತೋರಿಸಲಿಲ್ಲ. ಮಸಿ ಬಳಿಯುವುದು ನಮ್ಮ ನುಡಿಯಲ್ಲಿ ಅವಮಾನದ ಮಾತು. ಮತದಾನದ ದಿನ ಮಾತ್ರ ಆ ಮಾತು ತಲೆಕೆಳಗಾಗುತ್ತದೆ. ಮಸಿ ಹತ್ತಿದ ಬೆರಳೇ ಮಾನದ ಬೆರಳಾಗುತ್ತದೆ. ಶಾಯಿ ಬದಲಾಗಿಲ್ಲ; ಅದನ್ನು ಹಚ್ಚುವಾಗ ರಾಜ್ಯ ಪ್ರಜೆಯನ್ನು ಹೇಗೆ ಕಂಡಿತೆಂಬುದು ಬದಲಾಗಿದೆ.

1961ರ ಚುನಾವಣಾ ನಿಯಮಗಳಲ್ಲಿ ಈ ಶಾಯಿಯನ್ನು ಕುರಿತ ಒಂದು ಉಪವಿಧಿ ಇದೆ. ಮತದಾರನ ಎಡಗೈ ತೋರುಬೆರಳು ಇಲ್ಲದಿದ್ದರೆ ಎಡಗೈಯ ಬೇರೆ ಬೆರಳು. ಎಡಗೈಯಲ್ಲಿ ಬೆರಳುಗಳೇ ಇಲ್ಲದಿದ್ದರೆ ಬಲಗೈಯ ತೋರುಬೆರಳು ಅಥವಾ ಬೇರೆ ಬೆರಳು. ಎರಡೂ ಕೈಗಳಲ್ಲಿ ಇಲ್ಲದಿದ್ದರೆ ಉಳಿದ ತೋಳಿನ ತುದಿಗೆ ಗುರುತು ಹಾಕಬೇಕು. ಕಾನೂನಿನ ಒಣ ಭಾಷೆಯಲ್ಲಿ ಬರೆದ ಈ ಮಾತುಗಳನ್ನು ನಿಧಾನವಾಗಿ ಓದಬೇಕು. ಕಬ್ಬಿನ ಗಾಣಕ್ಕೆ, ಯಂತ್ರಕ್ಕೆ ಬೆರಳು ಕೊಟ್ಟವನು, ಕುಷ್ಠದಿಂದ ಬೆರಳು ಸವೆದವನು, ಹುಟ್ಟುವಾಗಲೇ ಇಲ್ಲದವನು, ಯಾರೂ ಹೊರಗುಳಿಯಬಾರದೆಂದು ಬರೆದವರು ಒಂದೊಂದೇ ಮೆಟ್ಟಿಲು ಇಳಿದು ಯೋಚಿಸಿದ್ದಾರೆ. ಉಗುರೇ ಇಲ್ಲದವನಿಗೂ ಮತವಿದೆ.

ಹೆಗ್ಗಡದೇವನಕೋಟೆಯಲ್ಲಿ ನಿಂತು ನೋಡಿದರೆ ಈ ಮಾತಿನ ತೂಕ ಹೆಚ್ಚಾಗುತ್ತದೆ. ಕಬಿನಿ ಜಲಾಶಯ ತುಂಬಿದಾಗ ಊರು ಬಿಟ್ಟವರು, ನಾಗರಹೊಳೆ ರಕ್ಷಿತಾರಣ್ಯವಾದಾಗ ಕಾಡು ಬಿಟ್ಟವರು ಈ ತಾಲ್ಲೂಕಿನಲ್ಲಿ ಬಹಳ ಮಂದಿ. ತಲೆತಲಾಂತರದಿಂದ ಬಾಳಿದ ನೆಲಕ್ಕೆ ತೋರಿಸಲು ಕಾಗದವಿಲ್ಲದ ಜೇನುಕುರುಬರೂ ಕಾಡುಕುರುಬರೂ ಮತಗಟ್ಟೆಗೆ ಬಂದರೆ ಭೂಮಾಲೀಕನ ಹಿಂದೆ ಮುಂದೆ ಅದೇ ಸಾಲಿನಲ್ಲಿ ನಿಲ್ಲುತ್ತಾರೆ, ಅದೇ ಸೀಸೆಯ ಶಾಯಿ ಹಚ್ಚಿಸಿಕೊಳ್ಳುತ್ತಾರೆ. 2008ರಿಂದ ಈ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದೆ. ಗೆರೆ ಬಿದ್ದೊಡನೆ ನೆಲ ಸಿಗುವುದಿಲ್ಲ, ನಿಜ. ಬೆರಳಿನ ಗೆರೆ ಮಾಸುವುದರೊಳಗೆ ಕೊಟ್ಟ ಮಾತು ಮಾಸುವುದನ್ನೂ ಜನ ಕಂಡಿದ್ದಾರೆ. ಆದರೆ ಕೊಟ್ಟ ಮಾತನ್ನು ಮರೆತವನ ಮುಂದೆ ಮತ್ತೆ ಬೆರಳೆತ್ತುವ ಅವಕಾಶವೂ ಅದೇ ಉಗುರಿನಿಂದ ಬರುತ್ತದೆ.

ಮಾತೃಕೆಗೆ ಮಸಿ ತಟ್ಟುವುದಿಲ್ಲ ಎಂದೆ. ಸರಕಾರದ ಶಾಯಿ ಅಲ್ಲಿಗೆ ಮುಟ್ಟದು, ಸಾಲಗಾರನ ಕಾಗದ ಮುಟ್ಟದು, ಹೊಗೆಸೊಪ್ಪಿನ ಅಂಟೂ ಮುಟ್ಟದು. ದುಡಿಯುವ ಕೈ ಯಾವುದೇ ಆಗಲಿ, ಆ ಮಡಿಕೆಯ ಅಡಿಯಿಂದ ದಿನಕ್ಕೊಂದು ಕೂದಲೆಳೆಯಷ್ಟು ಶುಭ್ರವಾದ ಉಗುರು ಹೊರಗೆ ಬರುತ್ತಲೇ ಇರುತ್ತದೆ. ಮುಂದಿನ ಚುನಾವಣೆಗೆ ಬೇಕಾದ ಜಾಗವನ್ನು ದೇಹ ಹೀಗೆ ಮೊದಲೇ ಸಿದ್ಧಮಾಡಿ ಇಟ್ಟಿರುತ್ತದೆ.